ಮಾನ್ಯಖೇಟದ ಗಣಿತ ಗುರು ಮಹಾವೀರಾಚಾರ್ಯ



ಈ ಲೇಖನವನ್ನು ಒಂದು ಒಗಟಿನಿಂದ ಆರಂಭಿಸುತ್ತೇನೆ. ನಿಮ್ಮಲ್ಲಿ ಅನೇಕರು ಇದನ್ನು ಮನೆಯ ಹಿರಿಯರ ಬಾಯಿಂದ ಕೇಳಿರಬಹುದು. ಒಬ್ಬ ತಂದೆ ತೀರಿಕೊಂಡಾಗ ಮೂವರು ಮಕ್ಕಳಿಗೆ 17 ಒಂಟೆಗಳನ್ನು ಬಿಟ್ಟುಹೋದನಂತೆ. ಹಿರಿಯ ಮಗನಿಗೆ ಅರ್ಧ, ನಡುವಿನವನಿಗೆ ಮೂರರಲ್ಲಿ ಒಂದು ಪಾಲು, ಕಿರಿಯನಿಗೆ ಒಂಬತ್ತರಲ್ಲಿ ಒಂದು ಪಾಲು ಎಂದು ಹೇಳಿಹೋಗಿದ್ದ. 17 ಒಂಟೆಗಳಲ್ಲಿ ಅರ್ಧ ಎಂದರೆ ಎಂಟೂವರೆ. ಜೀವವಿರುವ ಒಂಟೆಯನ್ನು ಕತ್ತರಿಸುವುದು ಹೇಗೆ? ಮಕ್ಕಳು ಜಗಳಕ್ಕೆ ನಿಂತರು. ಆಗ ಆ ದಾರಿಯಲ್ಲಿ ಬಂದ ಹಿರಿಯರೊಬ್ಬರು ತಮ್ಮ ಒಂಟೆಯನ್ನೂ ಅವುಗಳ ಜೊತೆ ನಿಲ್ಲಿಸಿದರು. ಈಗ 18 ಆದವು. ಹಿರಿಯನಿಗೆ 9, ನಡುವಿನವನಿಗೆ 6, ಕಿರಿಯನಿಗೆ 2. ಒಟ್ಟು ಕೂಡಿಸಿದರೆ 17. ಉಳಿದ ಒಂದು ಒಂಟೆ ಅವರದ್ದೇ. ಅದನ್ನು ಹತ್ತಿಕೊಂಡು ಅವರು ತಮ್ಮ ದಾರಿ ಹಿಡಿದರು.

ಖಾನಾಪುರದಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ದಿನ ಬಿಡುವಿನ ಅವಧಿಯಲ್ಲಿ ನಾನು ಈ ಕಥೆ ಹೇಳಿದೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಅಂದು ಗಣಿತದ ಶಿಕ್ಷಕರು ರಜೆಯಲ್ಲಿದ್ದರು, ತರಗತಿಯನ್ನು ಸುಮ್ಮನಿರಿಸಬೇಕಿತ್ತು, ಅಷ್ಟೇ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಕೊನೆಯ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, ಆ ಹಿರಿಯರ ಒಂಟೆ ಅವರಿಗೇ ಮರಳಿ ಬಂದಿತಲ್ಲ, ಹಾಗಾದರೆ ತಂದೆಯ ಲೆಕ್ಕದಲ್ಲಿ ತಪ್ಪಿದ್ದದ್ದು ಎಲ್ಲಿ ಎಂದು ಕೇಳಿದಳು. ಉಳಿದವರು ನಕ್ಕರು. ಏಕೆಂದರೆ ಗಣಿತದ ಪರೀಕ್ಷೆಯಲ್ಲಿ ತರಗತಿಗೆಲ್ಲ ಕಡಿಮೆ ಅಂಕ ತೆಗೆದವಳು ಅವಳೇ. ಅವಳನ್ನು ಹತ್ತನೇ ತರಗತಿಗೆ ಕಳಿಸುವುದೋ ಬೇಡವೋ ಎಂದು ಮನೆಯವರು ಯೋಚಿಸುತ್ತಿದ್ದರು. ಫೇಲಾಗುವುದೇ ಖಚಿತವಾಗಿದ್ದರೆ ಪರೀಕ್ಷೆಯ ಶುಲ್ಕವೇಕೆ ಎಂಬುದು ಅವರ ಲೆಕ್ಕ.

ನಿಜ ಹೇಳಬೇಕೆಂದರೆ ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನೂ ಗಣಿತಕ್ಕೆ ಹೆದರಿಯೇ ಭಾಷೆಯ ಕಡೆಗೆ ಬಂದವಳು. ಸಂಜೆ ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಆ ಪ್ರಶ್ನೆಯೇ ತಲೆಯಲ್ಲಿ ಕುಳಿತಿತ್ತು. ಉತ್ತರ ಹುಡುಕುತ್ತ ಹೋದಾಗ ಸಿಕ್ಕವರು ನಮ್ಮ ಕನ್ನಡ ನಾಡಿನ ಒಬ್ಬ ಮಹಾನುಭಾವರು. ಸುಮಾರು 1,150 ವರ್ಷಗಳ ಹಿಂದೆ ಬಾಳಿದ ಮಹಾವೀರಾಚಾರ್ಯರು. ಅವರ ಪರಿಚಯವನ್ನು ನಿಮಗೆ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಅವರ ಕಾಲ, ಅವರ ನಾಡು

ಮಹಾವೀರಾಚಾರ್ಯರು ಜೈನ ವಿದ್ವಾಂಸರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಇದ್ದವರು. ನೃಪತುಂಗನು ಕ್ರಿ.ಶ. 814ರಿಂದ 878ರವರೆಗೆ, ಅಂದರೆ 64 ವರ್ಷ ರಾಜ್ಯವಾಳಿದನು. ಅವನ ರಾಜಧಾನಿ ಮಾನ್ಯಖೇಟ. ಅದೇ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಇದೇ ಆಸ್ಥಾನದಲ್ಲಿ. ಅದನ್ನು ರಚಿಸಿದವನು ಶ್ರೀವಿಜಯ. ತಿರುಳುಗನ್ನಡದ ಸೀಮೆಯನ್ನು ಹೇಳುವಾಗ ಆ ಗ್ರಂಥವು ಹೆಸರಿಸುವ ನಾಲ್ಕು ಊರುಗಳಲ್ಲಿ ಒಂಕುಂದವೂ ಒಂದು. ಅದು ನಮ್ಮದೇ ಜಿಲ್ಲೆಯ ಬೈಲಹೊಂಗಲದ ಕಡೆಯ ವಕ್ಕುಂದ. ಒಂದೇ ದೊರೆಯ ಕಾಲದಲ್ಲಿ ಕನ್ನಡಕ್ಕೆ ಒಂದು ಕಾವ್ಯಶಾಸ್ತ್ರವೂ ಜಗತ್ತಿಗೆ ಒಂದು ಗಣಿತಶಾಸ್ತ್ರವೂ ದೊರೆತವು ಎಂಬುದನ್ನು ನಾವು ಮರೆಯಬಾರದು.

ಅಂದಿನ ಅರಬ್ ವ್ಯಾಪಾರಿಗಳಿಗೆ ಈ ರಾಜ್ಯ ಚೆನ್ನಾಗಿ ಗೊತ್ತಿತ್ತು. ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿರುವ 851ನೇ ಇಸವಿಯ ಪ್ರವಾಸ ಕಥನವೊಂದಿದೆ. ಲೋಕದ ನಾಲ್ವರು ಮಹಾರಾಜರೆಂದರೆ ಬಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ ಮತ್ತು ಬಲ್ಹರಾ ಎಂದು ಅದು ಎಣಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ, ಅಂದರೆ ರಾಷ್ಟ್ರಕೂಟ ದೊರೆ. ಅರಬರನ್ನು ಇವನಷ್ಟು ಪ್ರೀತಿಯಿಂದ ಕಾಣುವ ದೊರೆ ಇನ್ನೊಬ್ಬನಿಲ್ಲ ಎಂದೂ ಆ ಕಥನ ಹೇಳುತ್ತದೆ. ಮುಂದೆ ಹತ್ತನೇ ಶತಮಾನದಲ್ಲಿ ಅಲ್ ಮಸೂದಿ ಎಂಬ ಇತಿಹಾಸಕಾರರು ಮಾನ್ಯಖೇಟವನ್ನು ಮಾನ್ಕೀರ್ ಎಂದು ಕರೆದು, ಆ ರಾಜ್ಯದಲ್ಲಿ ಮುಸಲ್ಮಾನರಿಗೆ ರಕ್ಷಣೆ ಇದೆ, ಮಸೀದಿಗಳಿವೆ ಎಂದು ದಾಖಲಿಸಿದ್ದಾರೆ. ಹೀಗೆ ಮಹಾವೀರಾಚಾರ್ಯರು ಗ್ರಂಥ ಬರೆಯುತ್ತಿದ್ದ ಕಾಲಕ್ಕೆ ಮಾನ್ಯಖೇಟ ಮತ್ತು ಬಗ್ದಾದ್ ಒಂದಕ್ಕೊಂದು ಅಪರಿಚಿತವಾಗಿರಲಿಲ್ಲ.

ನಮ್ಮ ಸುತ್ತಲಿನ ನೆಲವೂ ಈ ವಿದ್ಯೆಗೆ ದೂರವಲ್ಲ. ಖಾನಾಪುರ ತಾಲೂಕಿನ ಹಲಸಿಯಲ್ಲಿ ಕದಂಬ ಅರಸರು ಮಹಾವೀರಾಚಾರ್ಯರಿಗಿಂತ ನಾನೂರು ವರ್ಷ ಹಿಂದೆಯೇ ಜೈನ ಬಸದಿಗೆ ದತ್ತಿ ಬಿಟ್ಟದ್ದನ್ನು ತಾಮ್ರಪಟಗಳು ತಿಳಿಸುತ್ತವೆ. ರಾಷ್ಟ್ರಕೂಟರ ಸಾಮಂತರಾಗಿ ಮೇಲೆ ಬಂದ ರಟ್ಟರ ಕಾಲದಲ್ಲಿ, 1204ರಲ್ಲಿ, ಕಟ್ಟಿದ ಕಮಲ ಬಸದಿ ಬೆಳಗಾವಿ ಕೋಟೆಯೊಳಗಿದೆ. ಅದೇ ಕೋಟೆಯಲ್ಲಿ ಬಿಜಾಪುರದ ಆದಿಲಶಾಹಿಗಳ ಕಾಲದ ಸಫಾ ಮಸೀದಿಯೂ ಇದೆ. ಎರಡನ್ನೂ ಒಂದೇ ಮುಂಜಾನೆಯಲ್ಲಿ ನಡೆದು ನೋಡಿ ಬರಬಹುದು.

ಗಣಿತಸಾರಸಂಗ್ರಹ

ಮಹಾವೀರಾಚಾರ್ಯರ ತಂದೆ ತಾಯಿ ಯಾರು, ಎಷ್ಟು ವರ್ಷ ಬಾಳಿದರು ಎಂಬ ವಿವರಗಳನ್ನು ಅವರು ಬರೆದಿಡಲಿಲ್ಲ. ಅವರ ಬದುಕೆಲ್ಲ ಅವರ ಗ್ರಂಥದಲ್ಲೇ ಇದೆ. ಸುಮಾರು 850ರಲ್ಲಿ ಸಂಸ್ಕೃತ ಪದ್ಯಗಳಲ್ಲಿ ರಚಿಸಿದ ಆ ಗ್ರಂಥದ ಹೆಸರು ಗಣಿತಸಾರಸಂಗ್ರಹ. ಇದರಲ್ಲಿ ಒಂಬತ್ತು ಅಧ್ಯಾಯಗಳು, 1,100ಕ್ಕೂ ಹೆಚ್ಚು ಪದ್ಯಗಳು ಇವೆ. ಅಳತೆ ಮಾನಗಳಿಂದ ಆರಂಭವಾಗಿ ಗುಣಾಕಾರ, ಭಾಗಾಕಾರ, ಭಿನ್ನರಾಶಿ, ತ್ರೈರಾಶಿ, ಮಿಶ್ರ ಲೆಕ್ಕ, ಕ್ಷೇತ್ರದ ಅಳತೆ, ಅಗೆತದ ಲೆಕ್ಕ, ನೆರಳಿನ ಲೆಕ್ಕದವರೆಗೆ ಅದು ಸಾಗುತ್ತದೆ.

ಅವರಿಗಿಂತ ಮೊದಲು ಆರ್ಯಭಟ, ಬ್ರಹ್ಮಗುಪ್ತ ಮುಂತಾದ ದೊಡ್ಡವರು ಗಣಿತವನ್ನು ಖಗೋಳ ಗ್ರಂಥಗಳ ಒಂದು ಭಾಗವಾಗಿ ಬರೆದಿದ್ದರು. ಮಹಾವೀರಾಚಾರ್ಯರು ಗ್ರಹಗಳ ಲೆಕ್ಕವನ್ನು ಬದಿಗಿಟ್ಟು ಗಣಿತಕ್ಕಾಗಿಯೇ ಒಂದು ದೊಡ್ಡ ಗ್ರಂಥ ಬರೆದರು. ಗ್ರಂಥದ ಆರಂಭದಲ್ಲಿ ಅವರು ಗಣಿತದ ಪ್ರಯೋಜನವನ್ನು ಹೇಳುವ ರೀತಿ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ವ್ಯಾಪಾರಕ್ಕೆ ಗಣಿತ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಅವರು ಸಂಗೀತಕ್ಕೂ, ನಾಟಕಕ್ಕೂ, ಅಡುಗೆಗೂ, ವೈದ್ಯಕ್ಕೂ, ಮನೆ ಕಟ್ಟುವುದಕ್ಕೂ, ಛಂದಸ್ಸು ವ್ಯಾಕರಣಗಳಿಗೂ ಅದು ಬೇಕು ಎನ್ನುತ್ತಾರೆ. ಅಡುಗೆಯ ಮಾತು ಬರಿಯ ಮಾತಲ್ಲ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರುಚಿಗಳಿಂದ ಎಷ್ಟು ಬಗೆಯ ಬೆರಕೆ ಮಾಡಬಹುದು ಎಂಬ ಲೆಕ್ಕ ಅವರ ಗ್ರಂಥದಲ್ಲಿದೆ. ಒಂದೊಂದೇ ಆದರೆ 6, ಎರಡೆರಡು ಸೇರಿದರೆ 15, ಮೂರು ಸೇರಿದರೆ 20, ನಾಲ್ಕು ಸೇರಿದರೆ 15, ಐದು ಸೇರಿದರೆ 6, ಆರೂ ಸೇರಿದರೆ 1. ಒಟ್ಟು 63. ಎಷ್ಟು ವಸ್ತುಗಳಿದ್ದರೂ ಇಂಥ ಬೆರಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನೇ ಅವರು ಕೊಟ್ಟಿದ್ದಾರೆ. ಇಂದು ಪಿಯುಸಿ ವಿದ್ಯಾರ್ಥಿಗಳು ಕಲಿಯುವುದು ಅದನ್ನೇ.

ಈ ಜ್ಞಾನವೆಲ್ಲ ತಮ್ಮದೇ ಎಂದು ಅವರು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಹಿಂದಿನ ಹಿರಿಯರ ಕೃಪೆಯಿಂದ, ಸಮುದ್ರದಿಂದ ರತ್ನವನ್ನು ಆರಿಸಿದಂತೆ ಗಣಿತದ ಸಾರವನ್ನು ಸ್ವಲ್ಪ ಆರಿಸಿಕೊಟ್ಟಿದ್ದೇನೆ ಎಂಬುದು ಅವರ ಭಾವ. ಗ್ರಂಥದ ಹೆಸರಿನ ಅರ್ಥವೂ ಅದೇ.

ಲೆಕ್ಕವನ್ನು ಪದ್ಯದಲ್ಲಿ ಬರೆಯುವುದೇಕೆ ಎಂದು ನೀವು ಕೇಳಬಹುದು. ತಾಳೆಗರಿಯ ಕಾಲದಲ್ಲಿ ಪುಸ್ತಕ ಎಲ್ಲರ ಕೈಗೂ ಸಿಗುತ್ತಿರಲಿಲ್ಲ. ಪದ್ಯವಾದರೆ ಬಾಯಿಪಾಠವಾಗುತ್ತದೆ. ಅಂಕಿಗಳನ್ನೂ ಅವರು ಮಾತುಗಳಿಂದಲೇ ಸೂಚಿಸುತ್ತಾರೆ. ಚಂದ್ರ ಎಂದರೆ 1, ಕಣ್ಣು ಎಂದರೆ 2. ಉರ್ದು ವಿದ್ಯಾರ್ಥಿಗಳಿಗೆ ಇದು ಹೊಸದೆನಿಸದು. ನಮ್ಮ ಅಬ್ಜದ್ ಪದ್ಧತಿಯಲ್ಲಿ ಅಲಿಫ್ 1, ಬೇ 2, ಜೀಮ್ 3, ದಾಲ್ 4. ಕಟ್ಟಡ ಕಟ್ಟಿದ ವರ್ಷವನ್ನೋ ಹಿರಿಯರು ತೀರಿಕೊಂಡ ವರ್ಷವನ್ನೋ ಒಂದು ಸಾಲಿನ ಅಕ್ಷರಗಳಲ್ಲಿ ಅಡಗಿಸಿಡುವ ಕಲೆ ಉರ್ದು ಫಾರ್ಸಿ ಕವಿಗಳಲ್ಲಿ ಇದೆಯಷ್ಟೆ. ದಾರಿಗಳು ಬೇರೆ, ಉದ್ದೇಶ ಒಂದೇ: ಮಾತಿನ ಸಹಾಯದಿಂದ ಸಂಖ್ಯೆಯನ್ನು ನೆನಪಿಡುವುದು.

ಒಗಟುಗಳ ಮೂಲಕ ಪಾಠ

ಮಹಾವೀರಾಚಾರ್ಯರು ಮೊದಲು ಸೂತ್ರ ಹೇಳುತ್ತಾರೆ, ಕೂಡಲೇ ಅದಕ್ಕೆ ಒಗಟುಗಳನ್ನು ಪೋಣಿಸುತ್ತಾರೆ. ಆನೆ, ಜೇನುಹುಳು, ಮಾವಿನಹಣ್ಣು, ವ್ಯಾಪಾರಿ, ದಾರಿಹೋಕರು ಹೀಗೆ ಕಣ್ಣಿಗೆ ಕಾಣುವುದೆಲ್ಲ ಅವರ ಲೆಕ್ಕದಲ್ಲಿ ಬರುತ್ತವೆ. ಎರಡನ್ನು ಮಾತ್ರ ಇಲ್ಲಿ ನೋಡೋಣ.

ಮೊದಲನೆಯದು ಹಣದ ಚೀಲದ್ದು. ಮೂವರು ವ್ಯಾಪಾರಿಗಳು ದಾರಿಯಲ್ಲಿ ಹೋಗುವಾಗ ಒಂದು ಹಣದ ಚೀಲ ಬಿದ್ದಿರುವುದನ್ನು ಕಂಡರು. ಈ ಚೀಲ ನನಗೆ ಸಿಕ್ಕರೆ ನನ್ನ ಹಣ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟಾಗುತ್ತದೆ ಎಂದು ಮೊದಲನೆಯವನು ಹೇಳಿದ. ನನಗೆ ಸಿಕ್ಕರೆ ಮೂರರಷ್ಟು ಎಂದು ಎರಡನೆಯವನು, ಐದರಷ್ಟು ಎಂದು ಮೂರನೆಯವನು ಹೇಳಿದರು. ಚೀಲದಲ್ಲಿ ಎಷ್ಟಿತ್ತು, ಯಾರ ಬಳಿ ಎಷ್ಟೆಷ್ಟಿತ್ತು? ಉತ್ತರ: ಚೀಲದಲ್ಲಿ 15, ಅವರ ಬಳಿ ಕ್ರಮವಾಗಿ 1, 3 ಮತ್ತು 5. ತಾಳೆ ನೋಡಿ. 15 ಮತ್ತು 1 ಸೇರಿ 16, ಅದು 3 ಮತ್ತು 5ರ ಮೊತ್ತವಾದ 8ರ ಎರಡರಷ್ಟು. ಉಳಿದೆರಡನ್ನು ನೀವೇ ತಾಳೆ ನೋಡಬಹುದು. ಈ ಮೂರೂ ಮೊತ್ತಗಳನ್ನು ಎರಡರಷ್ಟು, ಮೂರರಷ್ಟು ಮಾಡಿದರೂ ಲೆಕ್ಕ ಸರಿಯಾಗಿಯೇ ಇರುತ್ತದೆ. ಅವುಗಳಲ್ಲಿ ತೀರ ಚಿಕ್ಕ ಪೂರ್ಣಾಂಕಗಳ ಉತ್ತರ ಇದು.

ಎರಡನೆಯದು ಒಂಟೆಗಳ ಹಿಂಡಿನದು. ಹಿಂಡಿನ ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋಗಿತ್ತು. ಉಳಿದ ಐದರ ಮೂರರಷ್ಟು, ಅಂದರೆ 15 ಒಂಟೆಗಳು ಹೊಳೆಯ ದಂಡೆಯಲ್ಲಿದ್ದವು. ಹಿಂಡಿನಲ್ಲಿ ಒಟ್ಟು ಎಷ್ಟು ಒಂಟೆಗಳು?

ಚಿಕ್ಕ ಮಕ್ಕಳು ಇದನ್ನು ಹುಡುಕಿಯೂ ಬಿಡಿಸಬಹುದು. ಹಿಂಡಿಗೆ ಸರಿಯಾದ ವರ್ಗಮೂಲ ಇರಬೇಕು, ನಾಲ್ಕರಿಂದ ಭಾಗವೂ ಆಗಬೇಕು. 16 ಹಿಡಿದರೆ 4, 8, 15 ಸೇರಿ 27 ಆಗುತ್ತದೆ, ಕೂಡಿಬರಲಿಲ್ಲ. 36 ಹಿಡಿದರೆ ಕಾಲುಭಾಗ 9, ವರ್ಗಮೂಲ 6ರ ಎರಡರಷ್ಟು 12, ದಂಡೆಯಲ್ಲಿ 15. ಒಟ್ಟು 36. ಉತ್ತರ ಸಿಕ್ಕಿತು.

ಆದರೆ ಹಿಂಡು ಸಾವಿರಾರು ಒಂಟೆಗಳದ್ದಾದರೆ ಹುಡುಕುತ್ತ ಕೂರುವುದು ಸಾಧ್ಯವೇ? ಅದಕ್ಕೆಂದೇ ಮಹಾವೀರಾಚಾರ್ಯರ ಸೂತ್ರ. ಕಾಡಿಗೆ ಹೋದ ಕಾಲುಭಾಗ ಬಿಟ್ಟರೆ ಹಿಂಡಿನ ಮುಕ್ಕಾಲು ಉಳಿಯಿತು. ಆ ಮುಕ್ಕಾಲು ಎಂದರೆ ಎರಡು ವರ್ಗಮೂಲ ಮತ್ತು 15. ಎಲ್ಲವನ್ನೂ ಮುಕ್ಕಾಲಿನಿಂದ ಭಾಗಿಸಿದರೆ, ಇಡೀ ಹಿಂಡು ಎಂದರೆ ಮೂರರಲ್ಲಿ ಎಂಟು ಪಾಲು (8/3) ವರ್ಗಮೂಲ ಮತ್ತು 20. ಈಗ 8/3ರ ಅರ್ಧ 4/3. ಅದರ ವರ್ಗ 16/9. ಇದಕ್ಕೆ 20 ಕೂಡಿಸಿದರೆ 196/9. ಇದರ ವರ್ಗಮೂಲ 14/3. ಇದಕ್ಕೆ ಮೊದಲಿನ 4/3 ಕೂಡಿಸಿದರೆ 18/3, ಅಂದರೆ 6. ಹಿಂಡಿನ ವರ್ಗಮೂಲ 6, ಹಿಂಡು 36. ಹತ್ತನೇ ತರಗತಿಯ ವರ್ಗ ಸಮೀಕರಣದ ಪಾಠ ಓದಿದವರಿಗೆ ಈ ಹೆಜ್ಜೆಗಳು ಪರಿಚಿತ.

ಅದೇ ಹೊತ್ತಿಗೆ ಬಗ್ದಾದಿನಲ್ಲಿ

ಈಗ ಮಾನ್ಯಖೇಟದಿಂದ ಬಗ್ದಾದಿಗೆ ಹೋಗೋಣ. ಖಲೀಫ ಅಲ್ ಮಾಮೂನನ ಕಾಲದಲ್ಲಿ ಅಲ್ಲಿ ಬೈತುಲ್ ಹಿಕ್ಮ ಎಂಬ ಜ್ಞಾನಮಂದಿರವಿತ್ತು. ಅಲ್ಲಿದ್ದ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಜ್ಮಿಯವರು ಸುಮಾರು 820ರಲ್ಲಿ ಅಲ್ ಜಬ್ರ್ ವಲ್ ಮುಕಾಬಲ ಎಂಬ ವಿಷಯದ ಮೇಲೆ ಒಂದು ಗ್ರಂಥ ಬರೆದರು. ಇಂದು ಇಡೀ ಜಗತ್ತು ಬಳಸುವ ಆಲ್ಜೀಬ್ರಾ ಎಂಬ ಮಾತು ಈ ಹೆಸರಿನಿಂದಲೇ ಬಂದದ್ದು. ಅವರ ಹೆಸರಿನಿಂದ ಅಲ್ಗಾರಿದಮ್ ಎಂಬ ಮಾತೂ ಹುಟ್ಟಿತು. ವರ್ಗ, ವರ್ಗಮೂಲ, ಬಿಡಿಸಂಖ್ಯೆ ಈ ಮೂರರ ಸಂಬಂಧಗಳನ್ನು ಅವರು ಆರು ಬಗೆಗಳಾಗಿ ವಿಂಗಡಿಸಿ, ಪ್ರತಿಯೊಂದನ್ನೂ ಬಿಡಿಸುವ ದಾರಿಯನ್ನು ಹೇಳಿದರು. ಒಂದು ವರ್ಗವು ಅದರ ಮೂರು ಮೂಲ ಮತ್ತು 4ಕ್ಕೆ ಸಮವಾದರೆ ಮೂಲವೆಷ್ಟು ಎಂಬುದು ಆರನೇ ಬಗೆಯ ಉದಾಹರಣೆ. ಮೂರರ ಅರ್ಧ ಒಂದೂವರೆ, ಅದರ ವರ್ಗ ಎರಡೂಕಾಲು, 4 ಕೂಡಿಸಿದರೆ ಆರೂಕಾಲು, ಅದರ ಮೂಲ ಎರಡೂವರೆ, ಒಂದೂವರೆ ಕೂಡಿಸಿದರೆ 4. ಓದುಗರೇ, ಮೇಲಿನ ಒಂಟೆಗಳ ಹಿಂಡಿನ ಹೆಜ್ಜೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ.

ಆಲ್ಜೀಬ್ರಾ ನಮ್ಮದು, ಅಲ್ಲ ನಮ್ಮದು ಎಂದು ವಾದಿಸುವ ಸಂದೇಶಗಳು ಈಚೆಗೆ ಎಲ್ಲರ ಮೊಬೈಲಿಗೂ ಬರುತ್ತವೆ. ಅವುಗಳನ್ನು ಮುಂದಕ್ಕೆ ಕಳಿಸುವ ಮೊದಲು ಸ್ವಲ್ಪ ಯೋಚಿಸಬೇಕು. 628ರಲ್ಲಿ ಬ್ರಹ್ಮಗುಪ್ತರು ಬರೆದ ಗ್ರಂಥದಲ್ಲಿ ಸೊನ್ನೆ, ಋಣಸಂಖ್ಯೆ ಮತ್ತು ವರ್ಗ ಸಮೀಕರಣಗಳ ನಿಯಮಗಳಿವೆ. ಎಂಟನೇ ಶತಮಾನದಲ್ಲಿ ಭಾರತದ ಖಗೋಳ ವಿದ್ಯೆ ಬಗ್ದಾದಿಗೆ ತಲುಪಿ ಸಿಂದ್‌ಹಿಂದ್ ಎಂಬ ಹೆಸರಿನಲ್ಲಿ ಅರಬಿ ಭಾಷೆಗೆ ಇಳಿಯಿತು. ಖ್ವಾರಿಜ್ಮಿಯವರು ಆ ಆಧಾರದ ಮೇಲೆ ಖಗೋಳ ಕೋಷ್ಟಕಗಳನ್ನು ರಚಿಸಿದರು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯ ಮೇಲೂ ಒಂದು ಪುಸ್ತಕ ಬರೆದರು, ಅವು ಭಾರತದವು ಎಂದು ಹೇಳಿಯೇ ಬರೆದರು. ಇನ್ನೊಂದು ಕಡೆ, ಸಮೀಕರಣಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಚೌಕಗಳನ್ನು ಎಳೆದು ಈ ದಾರಿ ಏಕೆ ಸರಿ ಎಂದು ತೋರಿಸಿ, ಅದನ್ನೇ ಒಂದು ಪ್ರತ್ಯೇಕ ಶಾಸ್ತ್ರವಾಗಿ ನಿಲ್ಲಿಸಿದ ಕೀರ್ತಿ ಖ್ವಾರಿಜ್ಮಿಯವರದು. ಸೂತ್ರವನ್ನು ನೂರಾರು ಒಗಟುಗಳಲ್ಲಿ ತುಂಬಿ ಕಲಿಯುವವರ ಮನಸ್ಸಿಗೆ ಇಳಿಸಿದ ಕೀರ್ತಿ ಮಹಾವೀರಾಚಾರ್ಯರದು. ಒಬ್ಬರ ಹೆಸರು ಹೇಳಲು ಇನ್ನೊಬ್ಬರ ಹೆಸರನ್ನು ಅಳಿಸಬೇಕಾಗಿಲ್ಲ.

ಈ ಕೊಡುಕೊಳ್ಳುವಿಕೆ ಅಲ್ಲಿಗೇ ನಿಲ್ಲಲಿಲ್ಲ. ಭಾಸ್ಕರಾಚಾರ್ಯರ ಲೀಲಾವತಿಯನ್ನು 1587ರಲ್ಲಿ ಅಕ್ಬರ್ ಬಾದಶಹನ ಆಸ್ಥಾನದ ಕವಿ ಫೈಜಿಯವರು ಫಾರ್ಸಿಗೆ ತಂದರು. ಷಹಜಹಾನನ ಕಾಲದಲ್ಲಿ ಅತಾವುಲ್ಲಾ ರುಷ್ದಿಯವರು ಬೀಜಗಣಿತವನ್ನು ಫಾರ್ಸಿಗೆ ತಂದರು.

ಭಾಷೆ ಕಲಿಸುವ ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಅರಬಿಯಲ್ಲಿ ಜಬ್ರ್ ಎಂದರೆ ಮುರಿದ ಎಲುಬನ್ನು ಕೂಡಿಸುವುದು ಎಂಬ ಅರ್ಥವೂ ಇದೆ. ಸಮೀಕರಣದ ಒಂದು ಬದಿಯಲ್ಲಿ ಕೊರತೆಯಾದದ್ದನ್ನು ತುಂಬಿ ಸರಿಪಡಿಸುವುದಕ್ಕೆ ಖ್ವಾರಿಜ್ಮಿಯವರು ಆ ಹೆಸರಿಟ್ಟರು. ಉರ್ದುವಿನಲ್ಲಿ ಭಿನ್ನರಾಶಿಗೆ ಕಸ್ರ್ ಎನ್ನುತ್ತೇವೆ. ಕಸ್ರ್ ಎಂದರೆ ಮುರಿದದ್ದು. ಸಂಸ್ಕೃತದಿಂದ ಬಂದ ಕನ್ನಡದ ಭಿನ್ನ ಎಂಬ ಮಾತಿಗೂ ಒಡೆದದ್ದು ಎಂದೇ ಅರ್ಥ. ಉರ್ದುವಿನ ಜಜ್ರ್ ಎಂದರೆ ಬೇರು, ಕನ್ನಡದ ವರ್ಗಮೂಲದಲ್ಲಿರುವ ಮೂಲ ಎಂದರೂ ಬೇರು. ಎರಡು ಭಾಷೆಗಳ ಮಕ್ಕಳು ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳುತ್ತಿದ್ದಾರೆ. ಉರ್ದು ಮಾಧ್ಯಮದಲ್ಲಿ ಕಲಿತು ಕಾಲೇಜಿನಲ್ಲಿ ಕನ್ನಡದ ಅಥವಾ ಇಂಗ್ಲಿಷಿನ ಗಣಿತಕ್ಕೆ ಹೋಗುವ ಮಕ್ಕಳು ಹೆದರುವುದು ಲೆಕ್ಕಕ್ಕಿಂತ ಹೆಚ್ಚಾಗಿ ಹೊಸ ಹೆಸರುಗಳಿಗೆ. ಹೆಸರಿನ ಅರ್ಥ ತಿಳಿಸಿದರೆ ಅರ್ಧ ಹೆದರಿಕೆ ಅಲ್ಲಿಯೇ ಹೋಗುತ್ತದೆ ಎಂಬುದು ನನ್ನ ಅನುಭವ.

ದೊಡ್ಡವರ ತಪ್ಪು

ಮಹಾವೀರಾಚಾರ್ಯರು ಋಣಸಂಖ್ಯೆಗೆ ವರ್ಗಮೂಲ ಇರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ ಋಣ ಬರುವುದಿಲ್ಲವಾದ್ದರಿಂದ ಆ ಮಾತು ಅವರ ಕಾಲಕ್ಕೆ ಬಹಳ ಸೂಕ್ಷ್ಮವಾದದ್ದು. ಎರಡಕ್ಕಿಂತ ಹೆಚ್ಚು ಭಿನ್ನರಾಶಿಗಳನ್ನು ಕೂಡಿಸಲು ಛೇದಗಳ ಲಘುತಮ ಅಪವರ್ತ್ಯವನ್ನು, ಅಂದರೆ ಲ.ಸಾ.ಅ.ವನ್ನು ಬಳಸುವ ಕ್ರಮವನ್ನೂ ಅವರು ಹೇಳಿಕೊಟ್ಟರು. ಅದಕ್ಕೆ ಅವರು ಇಟ್ಟ ಹೆಸರು ನಿರುದ್ಧ.

ಆದರೆ ಅವರೂ ಒಂದು ಕಡೆ ತಪ್ಪಿದರು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಬರೆದರು. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎಂಬುದು ಇಂದು ನಮಗೆ ಗೊತ್ತಿದೆ. ಇದನ್ನು ಅವರ ದೋಷ ಎತ್ತಿ ಆಡಲು ಬರೆಯುತ್ತಿಲ್ಲ. ಒಂದು ತಪ್ಪು ಉತ್ತರಕ್ಕಾಗಿ ಹನ್ನೊಂದು ಶತಮಾನಗಳು ಅವರನ್ನು ಕೈಬಿಡಲಿಲ್ಲ. ನಾವು ಮಾತ್ರ ಒಂದು ಪರೀಕ್ಷೆಯ ತಪ್ಪು ಉತ್ತರಗಳಿಗಾಗಿ ಒಂದು ಮಗುವನ್ನು ಶಾಲೆಯಿಂದ ಬಿಡಿಸಲು ಸಿದ್ಧರಾಗುತ್ತೇವೆ. ಪಾಲಕರು ಇದನ್ನು ದಯವಿಟ್ಟು ಯೋಚಿಸಬೇಕು.

ಗ್ರಂಥದ ಮುಂದಿನ ಪಯಣ

ಗಣಿತಸಾರಸಂಗ್ರಹ ದಕ್ಷಿಣದಲ್ಲಿ ಬಹುಕಾಲ ಪಠ್ಯವಾಗಿತ್ತು. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಎಂಬವರು ಅದನ್ನು ತೆಲುಗಿಗೆ ತಂದರು. ವಲ್ಲಭ ಎಂಬವರು ಕನ್ನಡದಲ್ಲಿ ವ್ಯಾಖ್ಯಾನ ಬರೆದರು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಎಂಬ ಜೈನ ಕವಿ ವ್ಯವಹಾರಗಣಿತ, ಕ್ಷೇತ್ರಗಣಿತ ಮುಂತಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಕನ್ನಡದಲ್ಲಿ ಗಣಿತ ಬರೆದ ಮೊದಲಿಗರಲ್ಲಿ ಅವನ ಹೆಸರು ಬರುತ್ತದೆ. ಅವನ ಊರು ಪೂವಿನಬಾಗೆ. ಅದನ್ನು ವಿದ್ವಾಂಸರು ನಮ್ಮ ಬೆಳಗಾವಿ ಜಿಲ್ಲೆಯ ರಾಯಬಾಗ ಎಂದು ಗುರುತಿಸಿದ್ದಾರೆ. ರಾಯಬಾಗದ ರೈಲು ನಿಲ್ದಾಣವನ್ನು ದಾಟಿ ಮೀರಜಿಗೆ ಹೋಗುವ ನಮ್ಮಲ್ಲಿ ಎಷ್ಟು ಜನರಿಗೆ ಈ ವಿಷಯ ಗೊತ್ತು?

ಕಾಲಕ್ರಮೇಣ ಗಣಿತಸಾರಸಂಗ್ರಹವು ತಾಳೆಗರಿಗಳಲ್ಲಿ ಮರೆಯಾಗಿ ಉಳಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹೋಲಿಸಿ ನೋಡಿ, ಇಂಗ್ಲಿಷ್ ಅನುವಾದದೊಂದಿಗೆ ಅದನ್ನು 1912ರಲ್ಲಿ ಅಚ್ಚು ಹಾಕಿಸಿದರು. ಆಮೇಲೆಯೇ ಹೊರಜಗತ್ತಿಗೆ ಮಹಾವೀರಾಚಾರ್ಯರ ಹಿರಿಮೆ ತಿಳಿದದ್ದು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ಇಡೀ ಗ್ರಂಥ ಹೊಂಬುಜದಿಂದ ಪ್ರಕಟವಾಯಿತು. ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವಾಗ ನಮ್ಮ ಶಾಲೆ ಕಾಲೇಜುಗಳು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಮತ್ತೆ 17 ಒಂಟೆಗಳು

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಮಹಾವೀರಾಚಾರ್ಯರ ಗ್ರಂಥದಲ್ಲಿ ಒಂದು ಸೂತ್ರವಿದೆ. ಒಂದು ಪೂರ್ಣ ವಸ್ತುವನ್ನು, ಎಲ್ಲ ಪಾಲುಗಳ ಅಂಶವೂ 1 ಆಗಿರುವಂತೆ ಬೇಕಾದಷ್ಟು ಪಾಲುಗಳಾಗಿ ಒಡೆಯುವುದು ಹೇಗೆ ಎಂಬುದು ಅದರ ವಿಷಯ. 1ರಿಂದ ಆರಂಭಿಸಿ ಮೂರು ಮೂರರಿಂದ ಗುಣಿಸುತ್ತ ಹೋಗಬೇಕು: 1, 3, 9, 27. ಮೊದಲನೆಯದನ್ನು 2ರಿಂದ, ಕೊನೆಯದನ್ನು ಮೂರರಲ್ಲಿ ಎರಡರಿಂದ (2/3) ಗುಣಿಸಬೇಕು. ಆಗ 2, 3, 9, 18 ಬರುತ್ತವೆ. ಅಂದರೆ 1/2, 1/3, 1/9 ಮತ್ತು 1/18 ಸೇರಿದರೆ ಸರಿಯಾಗಿ ಒಂದು ಪೂರ್ಣ.

ಗಮನಿಸಿದಿರಾ? ತಂದೆ ಹೇಳಿದ್ದು ಅರ್ಧ, ಮೂರರಲ್ಲೊಂದು, ಒಂಬತ್ತರಲ್ಲೊಂದು. ಮೂರನ್ನೂ ಕೂಡಿಸಿದರೆ 17/18 ಮಾತ್ರ. ಹದಿನೆಂಟರಲ್ಲಿ ಒಂದು ಪಾಲನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ತಪ್ಪಿದ್ದದ್ದು ಅಲ್ಲಿ. ಹಿರಿಯರು ತಂದು ನಿಲ್ಲಿಸಿದ ಒಂಟೆ ಆ ಬಿಟ್ಟುಹೋದ ಪಾಲಿನ ಜಾಗದಲ್ಲಿ ನಿಂತಿತು, ಲೆಕ್ಕ ಮುಗಿದ ಮೇಲೆ ಹೊರಟುಹೋಯಿತು. ಒಂಟೆಯ ಕಥೆ ಮಹಾವೀರಾಚಾರ್ಯರದು ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ಬೀಗದ ಕೀಲಿ ಅವರ ಸೂತ್ರದಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ಖುರ್‌ಆನಿನಲ್ಲಿ ವಾರಸುದಾರಿಕೆಗೆ ಹೇಳಿದ ಪಾಲುಗಳು 1/2, 1/4, 1/8, 2/3, 1/3 ಮತ್ತು 1/6. ಒಂಬತ್ತರಲ್ಲೊಂದು ಎಂಬ ಪಾಲು ಅಲ್ಲಿಲ್ಲ. ಆದ್ದರಿಂದ ಈ ಕಥೆಯನ್ನು ಫರಾಯಿಜ್ ಪಾಠವೆಂದು ಯಾರೂ ತಿಳಿಯಬಾರದು, ಇದು ಬರಿಯ ಒಗಟು. ಆದರೆ ಫರಾಯಿಜ್ ಲೆಕ್ಕಕ್ಕೂ ಆಲ್ಜೀಬ್ರಾಕ್ಕೂ ಹತ್ತಿರದ ನಂಟು ಇರುವುದಂತೂ ನಿಜ. ಖ್ವಾರಿಜ್ಮಿಯವರ ಗ್ರಂಥದ ದೊಡ್ಡ ಭಾಗ ಮರಣಶಾಸನ ಮತ್ತು ಆಸ್ತಿ ಹಂಚಿಕೆಯ ಲೆಕ್ಕಗಳಿಗೇ ಮೀಸಲು. ಮಗಳ ಪಾಲನ್ನು ಸರಿಯಾಗಿ ಕೊಡಬೇಕಾದರೆ ಮನೆಯಲ್ಲಿ ಯಾರಿಗಾದರೂ ಭಿನ್ನರಾಶಿ ಬರಬೇಕು. ಆ ಮಗಳಿಗೇ ಬಂದರೆ ಇನ್ನೂ ಒಳ್ಳೆಯದು.

ಮರುವಾರ ನಾನು ಈ ಉತ್ತರವನ್ನು ಹಲಗೆಯ ಮೇಲೆ ಬರೆದೆ. ಆ ಹುಡುಗಿ ಬಹಳ ಹೊತ್ತು ನೋಡಿ, ಹಾಗಾದರೆ 35 ಒಂಟೆಗಳಿದ್ದರೆ ಒಂದು ಸೇರಿಸಿದರೆ ಸಾಕೇ ಎಂದು ಕೇಳಿದಳು. ನಾನು ಮಾಡಿ ನೋಡು ಎಂದೆ. 36 ಆಗುತ್ತದೆ, 18, 12, 4 ಸೇರಿ 34, ಉಳಿಯುವುದು ಎರಡು. ಸೇರಿಸಿದ್ದು ಒಂದು, ಮರಳಿ ಬಂದದ್ದು ಎರಡು. ಇದು ಮೋಸ ಎಂದು ಅವಳೇ ತೀರ್ಪು ಕೊಟ್ಟಳು. ಅಂದು ತರಗತಿಯಲ್ಲಿ ಯಾರೂ ಅವಳನ್ನು ನೋಡಿ ನಗಲಿಲ್ಲ. ಅವಳ ತಾಯಿಯನ್ನು ಕರೆಸಿ ಈ ಸಂಗತಿಯನ್ನು ಹೇಳಿದೆ. ಅವಳು ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಅಂಕಗಳು ಇನ್ನೂ ಹೆಚ್ಚಿಲ್ಲ, ಆದರೆ ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ.

ವಿದ್ಯಾರ್ಥಿ ಮಿತ್ರರೇ, ಕೊನೆಯದಾಗಿ ಮಹಾವೀರಾಚಾರ್ಯರ ಒಂದು ಒಗಟನ್ನು ನಿಮಗೆ ಬಿಟ್ಟುಹೋಗುತ್ತೇನೆ. ಒಬ್ಬ ಹೆಂಗಸಿನ ಮುತ್ತಿನ ಹಾರ ಹರಿಯಿತು. ಮುತ್ತುಗಳಲ್ಲಿ ಮೂರರಲ್ಲಿ ಒಂದು ಪಾಲು ದಾಸಿಯ ಕಡೆ ಹೋದವು, ಆರರಲ್ಲಿ ಒಂದು ಪಾಲು ಹಾಸಿಗೆಯ ಮೇಲೆ ಬಿದ್ದವು. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಅರ್ಧರ್ಧ ಚೆಲ್ಲಿಹೋದವು. ಕೊನೆಗೆ ದಾರದಲ್ಲಿ ಉಳಿದವು 1,161 ಮುತ್ತುಗಳು. ಹಾರದಲ್ಲಿ ಒಟ್ಟು ಎಷ್ಟು ಮುತ್ತುಗಳಿದ್ದವು? ಕೊನೆಯಿಂದ ಹಿಂದಕ್ಕೆ ನಡೆದು ಬನ್ನಿ, ದಾರಿ ತಾನೇ ತೆರೆಯುತ್ತದೆ. ನಿಮ್ಮ ಉತ್ತರ 1,48,608 ಬಂದರೆ ಸರಿ. ಬರದಿದ್ದರೆ ಎಲ್ಲಿ ತಪ್ಪಿತು ಎಂದು ಹುಡುಕಿ, ಮತ್ತೊಮ್ಮೆ ಮಾಡಿ ನೋಡಿ.